ಅಸೃಜ್: ಕಾಯ್ದಿಡುವ ಶಕ್ತಿ

ಮಠದ ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡುವಾಗ, ರಕ್ತಕ್ಕಿರುವ ಹೆಸರುಗಳಲ್ಲಿ ‘ಅಸೃಜ್’ ಎಂಬ ಶಬ್ದವನ್ನೂ ನಾವು ಕಲಿತಿದ್ದೆವು. ಅದು ಕೋಶದಲ್ಲಷ್ಟೇ ಉಳಿದ ಶಬ್ದವೆಂದು ಭಾವಿಸಿದ್ದೆವು. ಆದರೆ ಅದೇ ಶಬ್ದವು ಇಂದು ಒಂದು ಪ್ರೋಟೀನಿನ ಹೆಸರಾಗಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಡಾ. ಮನೀಷಾ ಇನಾಮದಾರ ಹಾಗೂ ಅವರ ಸಂಗಡಿಗರು 2003ರಲ್ಲಿ ಇದನ್ನು ಲೋಕಕ್ಕೆ ಪರಿಚಯಿಸಿದರು.

ಜೀವಕೋಶವನ್ನು ಸುತ್ತಿರುವ ಪೊರೆಯಿಂದ ಸಣ್ಣ ಚೀಲಗಳು ಬೇರ್ಪಟ್ಟು, ಹೊರಗಿನ ಸಾಮಗ್ರಿಯನ್ನೂ ಸಂದೇಶಗಳನ್ನೂ ಒಳಗೆ ಸಾಗಿಸುತ್ತವೆ. ಅಸೃಜ್ ಇಂಥ ಚೀಲಗಳ ಮೇಲಿದ್ದು, ಸಂದೇಶಗಳ ನಿರ್ವಹಣೆಯಲ್ಲಿ ಪಾಲುಗೊಳ್ಳುತ್ತದೆ. ಅದೇ ಪ್ರೋಟೀನು ಮೈಟೊಕಾಂಡ್ರಿಯಗಳಲ್ಲಿಯೂ ಇರುವುದು ಮುಂದೆ ಕಂಡುಬಂದಿತು.

ಮೈಟೊಕಾಂಡ್ರಿಯವೆಂದರೆ ಕೋಶದ ಶಕ್ತಿಗೃಹ. ಗೋಕಾಕದವರಿಗೆ ಇದನ್ನು ತಿಳಿಸುವುದು ಸುಲಭ. ಬಹು ಹಿಂದೆಯೇ ಅಲ್ಲಿಯ ಜಲಪಾತದ ನೀರಿನಿಂದ ಚಕ್ರ ತಿರುಗಿಸಿ ವಿದ್ಯುತ್ತನ್ನು ಪಡೆದರು. ಮೈಟೊಕಾಂಡ್ರಿಯದ ಒಳಪೊರೆಯ ಒಂದು ಬದಿಯಲ್ಲಿ ಒಟ್ಟುಗೂಡಿದ ಜಲಜನಕದ ಕಣಗಳು ಕಿರಿದಾದ ದಾರಿಯಿಂದ ಮರಳಿ ಹರಿಯುವಾಗಲೂ ಹಾಗೆಯೇ ಒಂದು ಸೂಕ್ಷ್ಮ ಚಕ್ರವು ತಿರುಗಿ, ಕೋಶಕ್ಕೆ ಬೇಕಾದ ಶಕ್ತಿ ಸಿದ್ಧವಾಗುತ್ತದೆ. ಈ ಶಕ್ತಿಗೃಹಗಳು ಒಂದೇ ಆಕಾರದಲ್ಲಿ ನಿಂತಿರುವುದಿಲ್ಲ. ಒಂದರೊಡನೊಂದು ಕೂಡಿ ನೀಳವಾಗುತ್ತವೆ, ಮತ್ತೆ ಒಡೆದು ಚಿಕ್ಕವಾಗುತ್ತವೆ.

2021ರಲ್ಲಿ ಪ್ರಕಟವಾದ ಜಕ್ಕೂರಿನ ಅಧ್ಯಯನದಲ್ಲಿ, ಹಣ್ಣುನೊಣದ ರಕ್ತಕೋಶಗಳಿಗೆ ಮೂಲವಾದ ಕೋಶಗಳಲ್ಲಿ ಅಸೃಜ್ ಕಡಿಮೆಯಾದಾಗ ಮೈಟೊಕಾಂಡ್ರಿಯಗಳು ನೀಳವಾದವು. ಅವುಗಳ ಕೂಡುವ, ಒಡೆಯುವ ಚಲನೆಯೂ ತಗ್ಗಿತು. ಒಡೆಯಲು ನೆರವಾಗುವ ಪ್ರೋಟೀನನ್ನು ತಗ್ಗಿಸಿದರೆ ಒಂದು ಬಗೆಯ ರಕ್ತಕೋಶಗಳು ಹುಟ್ಟುವುದು ಕಡಿಮೆಯಾಯಿತು. ಕೂಡಿಸುವ ಪ್ರೋಟೀನನ್ನು ತಗ್ಗಿಸಿದರೆ ಅವೇ ಹೆಚ್ಚಿದವು. ಶಕ್ತಿಗೃಹದ ಆಕಾರವು ಕೋಶದ ಮುಂದಿನ ಗತಿಯನ್ನೂ ತಿದ್ದುತ್ತದೆಂದು ಇದರಿಂದ ತಿಳಿಯಿತು.

ಮನುಷ್ಯನ ಆಕರಕೋಶಗಳ ವಿಚಾರ ಇನ್ನೂ ಮನನೀಯ. ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೀಸಲು ಕೋಶಗಳಿವು. ಶಕ್ತಿ ತಯಾರಿಕೆಯ ಮೊದಲ ಘಟ್ಟಕ್ಕೆ ಈ ಪ್ರೋಟೀನು ಕಡಿವಾಣ ಹಾಕುತ್ತದೆಂದು 2018ರಲ್ಲಿ ಅದೇ ತಂಡ ತೋರಿಸಿತು. ಕಡಿವಾಣ ಸಡಿಲಿದರೆ ಶಕ್ತಿಯ ಉತ್ಪಾದನೆ ಏರುತ್ತದೆ. ಕೋಶಗಳು ಬೇಗನೆ ಮೀಸಲನ್ನು ಬಿಟ್ಟು ಬೆಳವಣಿಗೆಯ ಮುಂದಿನ ಹಂತದತ್ತ ಸಾಗುತ್ತವೆ. ಅಸೃಜ್ ಇಲ್ಲದ ಇಲಿಗಳಲ್ಲಿ ರಕ್ತದ ಆಕರಕೋಶಗಳು ತಮ್ಮ ವಿಶ್ರಾಂತಿಯನ್ನೇ ಕಳೆದುಕೊಂಡುದನ್ನು 2019ರಲ್ಲಿ ವರದಿ ಮಾಡಿದರು.

ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯವನ್ನು ಕಂಡವರಿಗೆ ಇದರ ಮರ್ಮ ಹೊಳೆಯುತ್ತದೆ. ಘಟಪ್ರಭೆಯ ನೀರನ್ನು ಅಲ್ಲಿ ತಡೆದಿಟ್ಟು, ಕಾಲವರಿತು ಬಿಡುವುದರಿಂದಲೇ ಮೂಡಲಗಿಯ ಹೊಲಗಳಿಗೆ ಕಾಲುವೆಯಲ್ಲಿ ನೀರು ಬರುತ್ತದೆ. ಬಾಗಿಲುಗಳನ್ನೆಲ್ಲ ಒಮ್ಮೆಗೇ ತೆರೆದರೆ ನಾಲ್ಕು ದಿನದ ಸಮೃದ್ಧಿ, ಬೇಸಿಗೆಗೆ ಬರಿಗೈ.

ಮಕ್ಕಳಿಗೆ ರಕ್ತ ಕಡಿಮೆಯೆಂದು ‘ಶಕ್ತಿ ಹೆಚ್ಚಿಸುವ’ ಪುಡಿ, ಟಾನಿಕ್‌ಗಳ ಬಗ್ಗೆ ನಮ್ಮನ್ನು ಕೇಳುವ ತಾಯಂದಿರಿದ್ದಾರೆ. ಅವರಿಗೆ ನಮ್ಮ ವಿನಂತಿ ಇಷ್ಟೇ: ಮೇಲಿನ ಸಂಶೋಧನೆಗಳು ನೊಣ, ಇಲಿ ಮತ್ತು ಪ್ರಯೋಗಾಲಯದ ಕೋಶಗಳಲ್ಲಿ ನಡೆದವು, ಇವುಗಳಿಂದ ಯಾವ ಔಷಧವೂ ಬಂದಿಲ್ಲ. ರಕ್ತಹೀನತೆಗೆ ಕಾರಣಗಳು ಹಲವು. ಮೊದಲು ಮಗುವಿನ ರಕ್ತಪರೀಕ್ಷೆ ಮಾಡಿಸಿ, ವೈದ್ಯರ ಮಾತಿನಂತೆ ನಡೆಯಿರಿ. ಹೆಚ್ಚು ಶಕ್ತಿಯೇ ಹೆಚ್ಚು ಆರೋಗ್ಯವಲ್ಲ. ಎಷ್ಟನ್ನು ಬಳಸಬೇಕು, ಎಷ್ಟನ್ನು ಕಾಯ್ದಿಡಬೇಕು ಎಂಬ ಲೆಕ್ಕವನ್ನು ನಮ್ಮ ಮೈಯೊಳಗಿನ ಕಣ್ಣಿಗೆ ಕಾಣದ ಕೋಶವೂ ಇಟ್ಟುಕೊಂಡಿದೆ.