ಕೋವಿ ಇರಲಿ, ಬಾಡಿನ ಆಸೆ ಬೇಡ

ಕಡಲೆಕಾಯಿ ಬಲಿತು ರಾಗಿ ತೆನೆ ಹಾಲುಗಟ್ಟುವ ಕಾಲ ಬಂದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಗುಡ್ಡದಂಚಿನ ಹಳ್ಳಿಗಳಲ್ಲಿ ಕೇಳುವುದು ಒಂದೇ ಮಾತು: "ಹಂದಿ ಬಿತ್ತು." ಕಾಡುಹಂದಿ ತಿನ್ನುವುದಕ್ಕಿಂತ ಮೂತಿಯಿಂದ ಉತ್ತು, ತುಳಿದು ಹಾಳುಮಾಡುವುದೇ ಹೆಚ್ಚು. ಮೂರು ತಿಂಗಳ ದುಡಿಮೆ, ಬೀಜ ಗೊಬ್ಬರದ ಸಾಲ ಒಂದೇ ರಾತ್ರಿಯಲ್ಲಿ ಮಣ್ಣಾಗುತ್ತದೆ. ಇಂಥ ರೈತನಿಗೆ "ಕಾಡುಪ್ರಾಣಿಗಳನ್ನು ಪ್ರೀತಿಸಿರಿ" ಎಂದು ಉಪದೇಶ ಮಾಡುವುದು ಸುಲಭ. ಆ ಉಪದೇಶದಿಂದ ಅವನ ಕಣಜ ತುಂಬುವುದಿಲ್ಲ.

ಆದ್ದರಿಂದಲೇ ಗ್ರಾಮಸಭೆಗಳಲ್ಲಿ ಹಳೆಯ ಮದ್ದುಕೋವಿಯ ಮಾತು ಮತ್ತೆ ಮತ್ತೆ ಏಳುತ್ತದೆ. ನಳಿಗೆಯ ಬಾಯಿಯಿಂದ ಕರಿಮದ್ದು ಸುರಿದು, ಚರೆ ತುಂಬಿ, ಗಜದಿಂದ ಗಿಡಿದು ಹೊಡೆಯುವ ಕೋವಿ ಅದು. ಬೆಳೆ ಕಾಯಲು ಅದನ್ನು ಕೇಳುವುದು ತಪ್ಪಲ್ಲ. 1959ರ ಆಯುಧ ಕಾಯಿದೆಯ 13ನೆಯ ಪ್ರಕರಣವೇ ಪ್ರಾಮಾಣಿಕ ಬೆಳೆರಕ್ಷಣೆಗಾಗಿ ಇಂಥ ಕೋವಿಗೆ ಲೈಸೆನ್ಸ್ ಕೊಡುವ ಮಾತನ್ನಾಡಿದೆ. ಕೊಡಗಿನವರಿಗಿರುವ ರಿಯಾಯಿತಿ ನಮಗಿಲ್ಲ. ನಮ್ಮ ಜಿಲ್ಲೆಯಲ್ಲಿ ಲೈಸೆನ್ಸ್ ಇಲ್ಲದ ನಾಡಕೋವಿ ಮನೆಯಲ್ಲಿದ್ದರೆ ಅದೇ ಅಪರಾಧ.

ಲೈಸೆನ್ಸ್ ಇದ್ದ ಮಾತ್ರಕ್ಕೆ ಹಂದಿಯನ್ನು ಹೊಡೆಯಬಹುದೆಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ತಂದ ತಿದ್ದುಪಡಿಯ ಮೇಲೆ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ಅದು ನಿಂತ ಬೆಳೆಗೆ ಅಪಾಯಕಾರಿಯೆಂದು ಮನಗಂಡರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿಗಳು ಕಾರಣ ಬರೆದು ಹೊಡೆಯಲು ಅಪ್ಪಣೆ ಕೊಡಬಹುದು. ಇದು 11ನೆಯ ಪ್ರಕರಣ. ಅಪ್ಪಣೆಯಿಲ್ಲದೆ ಹೊಡೆದರೆ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಇನ್ನೊಂದು ಮಾತನ್ನು ಬಿಚ್ಚಿ ಹೇಳಬೇಕು. ಅಪ್ಪಣೆ ಪಡೆದೇ ಹೊಡೆದರೂ ಸತ್ತ ಹಂದಿ ಹೊಡೆದವನದಲ್ಲ. 39ನೆಯ ಪ್ರಕರಣದಂತೆ ಅದು ಸರ್ಕಾರದ ಸ್ವತ್ತು. ಇಲ್ಲಿಯೇ ನಮ್ಮ ವಾದ ಸಡಿಲಾಗುವುದು. ಬೆಳೆ ಕಾಯುವ ಕೋವಿ ಬೆಳೆ ಇರುವಾಗ, ಹೊಲದ ಬದುವಿನಲ್ಲಿ ಸಿಡಿಯಬೇಕು. ಸುಗ್ಗಿ ಮುಗಿದು ಹೊಲ ಬರಿದಾದ ಮೇಲೆ, ಬೇಸಿಗೆಯಲ್ಲಿ, ಗುಡ್ಡದ ಮೇಲಿನ ದೊಣೆಯ ಹತ್ತಿರ ಸಿಡಿದರೆ ಅದು ಯಾವ ಬೆಳೆಯ ರಕ್ಷಣೆ? ಕತ್ತಲಲ್ಲಿ ಬಂಡೆಗಳ ನಡುವೆ ಗೋಣಿಚೀಲದಲ್ಲಿ ಬಾಡು ಹೊತ್ತು ಇಳಿಯುವವನು ರೈತನ ಹೆಸರಿನಲ್ಲಿ ಬೇಟೆಯಾಡುತ್ತಾನೆ. ಅವನಿಂದಾಗಿ ನಿಜವಾಗಿ ಬೆಳೆ ಕಳೆದುಕೊಂಡವನ ಅರ್ಜಿಯನ್ನೂ ಇಲಾಖೆ ಅನುಮಾನದಿಂದ ನೋಡುತ್ತದೆ.

"ಅಮೆರಿಕದಲ್ಲಿ ಹೊಡೆದು ಹೊತ್ತು ತರುತ್ತಾರಲ್ಲ?" ಎಂದು ಓದಿದ ಯುವಕರು ಕೇಳುವುದುಂಟು. ನಿಜ. ಅಲ್ಲಿನ ಕೊಲರಾಡೊ ರಾಜ್ಯದಲ್ಲಿ ಎಲ್ಕ್ ಎಂಬ, ನಮ್ಮ ಕಡವೆಗಿಂತ ದೊಡ್ಡದಾದ ಪ್ರಾಣಿಯ ಬೇಟೆಗೆ ಪ್ರತಿ ಸೆಪ್ಟೆಂಬರಿನಲ್ಲಿ ಮದ್ದುಕೋವಿಯವರಿಗೆಂದೇ ಕೆಲವು ದಿನಗಳನ್ನು ಬಿಟ್ಟಿರುತ್ತಾರೆ. ಒಂದು ಪರವಾನಿಗೆಗೆ ಒಂದೇ ಪ್ರಾಣಿ. ತಿನ್ನಲು ಯೋಗ್ಯವಾದ ಮಾಂಸವನ್ನು ಕಾಡಿನಲ್ಲೇ ಬಿಟ್ಟು ಬಂದರೆ ಅದೇ ಅಪರಾಧ. ತೊಡೆ, ಮುಂಗಾಲು ಬೇರೆಮಾಡಿ ಬೆನ್ನಮೇಲೋ ಕುದುರೆಯ ಮೇಲೋ ಹೊತ್ತು ತರಬೇಕು. ಅಲ್ಲಿ ಪ್ರಾಣಿಗಳ ಲೆಕ್ಕ ಹಾಕಿ ಬೇಟೆ ಬಿಡುತ್ತಾರೆ. ನಮ್ಮಲ್ಲಿ ಆ ಲೆಕ್ಕವಿಲ್ಲದೆ ಬಾಡಿಗೆ ಬೆಲೆ ಕಟ್ಟಿದರೆ ಒಂದಕ್ಕೇ ನಿಲ್ಲುವವರು ಯಾರು?

ಹಂದಿ ಸಾಕುವ ರೈತರಿಗೆ ಬೇರೆ ಭಯವೂ ಇದೆ. ಆಫ್ರಿಕನ್ ಹಂದಿಜ್ವರ 2020ರಲ್ಲಿ ಅಸ್ಸಾಂ, ಅರುಣಾಚಲ ಪ್ರದೇಶಗಳಲ್ಲಿ ಕಾಣಿಸಿಕೊಂಡು ದೇಶದೊಳಕ್ಕೆ ಬಂತು. ಮನುಷ್ಯನಿಗೆ ಅದು ತಗಲದು. ಆದರೆ ಕಾಡುಹಂದಿಗೂ ಸಾಕುಹಂದಿಗೂ ಮಾರಕ, ಚಿಕಿತ್ಸೆಯಿಲ್ಲ. ಅದರ ವಿಷಾಣು ಹಸಿ ಮಾಂಸದಲ್ಲಿ ಬಹಳ ದಿನ ಬದುಕಿರುತ್ತದೆ. ಗುಡ್ಡದಿಂದ ಇಳಿದ ಬಾಡಿನ ತೊಳೆದ ನೀರು, ಎಸೆದ ಕರುಳು ದೊಡ್ಡಿಯ ಹಂದಿಗೆ ಸಿಕ್ಕರೆ ಒಬ್ಬನ ಊಟಕ್ಕೆ ಇನ್ನೊಬ್ಬನ ಬಾಳು ಹೋಗುತ್ತದೆ.

ಕೋವಿ ಸಿಗದಿದ್ದರೆ ಸಿಡಿಮದ್ದಿನ ಉಂಡೆ, ಕಂಬದಿಂದ ನೇರ ಎಳೆದ ವಿದ್ಯುತ್ ತಂತಿ ಎನ್ನುವವರಿದ್ದಾರೆ. ಇದು ಕೋವಿಗಿಂತ ನೂರುಪಾಲು ಕೆಟ್ಟದ್ದು. 2020ರ ಮೇ ತಿಂಗಳಲ್ಲಿ ಕೇರಳದಲ್ಲಿ ಸಿಡಿಮದ್ದು ತುಂಬಿದ ಕಾಯಿ ಕಚ್ಚಿ ಗಬ್ಬದ ಆನೆಯೊಂದು ಸತ್ತದ್ದು ದೇಶಕ್ಕೇ ಗೊತ್ತು. ಉಂಡೆಗೆ ಹಂದಿ ಯಾವುದು, ಮೇಯಲು ಹೋದ ಹಸು ಯಾವುದು ಎಂಬ ಗುರುತಿಲ್ಲ. ತಂತಿಗೆ ನೀರು ಕಟ್ಟಲು ಹೋದ ನಿಮ್ಮ ಮಗನ ಗುರುತೂ ಇಲ್ಲ.

ಹಾಗಾದರೆ ಸರ್ಕಾರ ಮಾಡಬೇಕಾದ್ದೇನು? ಕೇರಳ 2022ರಲ್ಲಿ ಹಂದಿ ಹೊಡೆಯಲು ಅಪ್ಪಣೆ ಕೊಡುವ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರ ಮಟ್ಟಕ್ಕೆ ಇಳಿಸಿತು. ವಿಷ, ಸಿಡಿಮದ್ದು, ವಿದ್ಯುತ್ ಕೂಡದೆಂದಿತು. ಸತ್ತ ಹಂದಿಯನ್ನು ಹೂಳಬೇಕೆಂದಿತು. ನಮ್ಮಲ್ಲಿಯೂ ಅಪ್ಪಣೆ ತಾಲ್ಲೂಕಿನ ಮಟ್ಟದಲ್ಲೇ, ಬೆಳೆ ಹೊಲದಲ್ಲಿರುವಾಗಲೇ ಸಿಗಬೇಕು. ಕಣದ ಕೆಲಸ ಮುಗಿದ ಮೇಲೆ ಬರುವ ಕಾಗದದಿಂದ ಏನು ಪ್ರಯೋಜನ? ಗುರಿ ಬಲ್ಲವರ ಪಟ್ಟಿ ಇರಲಿ, ಪಂಚರ ಮುಂದೆ ಮಹಜರು ಆಗಲಿ, ಹಂದಿಯನ್ನು ಆಳವಾಗಿ ಹೂಳಲಿ. ಬಾಡು ಸಿಗದೆಂದು ಗೊತ್ತಾದಾಗ ಕೋವಿ ಹಿಡಿದು ಉಳಿಯುವವನೇ ಬೆಳೆ ಉಳಿಸಲು ಬಂದವನು.

ರೈತರು ಮಾಡಬೇಕಾದ್ದೂ ಇದೆ. ಮದ್ದುಕೋವಿಗೆ ಒಂದೇ ಏಟು. ಮತ್ತೆ ತುಂಬಲು ಹೊತ್ತು ಬೇಕು, ಮದ್ದು ತೇವವಾದರೆ ಹೊತ್ತದು. ಗಾಯಗೊಂಡ ಹಂದಿ ತಿರುಗಿ ಬೀಳುತ್ತದೆ. ಹಂದಿ ವರ್ಷವರ್ಷವೂ ಹಿಂಡಾಗಿ ಮರಿ ಹಾಕುವ ಪ್ರಾಣಿ. ಕೋವಿಯೊಂದರಿಂದ ಅದು ಮುಗಿಯದು. ಕೆರೆಯಂಗಳದ ಸೀಮೆಜಾಲಿ ಪೊದೆಗಳನ್ನು ಪಂಚಾಯಿತಿಯಿಂದ ತೆಗೆಸಿ; ಹಗಲಲ್ಲಿ ಅದಕ್ಕೆ ಅವೇ ಮರೆ. ಕಡಲೆಕಾಯಿ ಹೊಲದ ಸುತ್ತ ಮುಳ್ಳಿನ ಕುಸುಬೆಯನ್ನು ನಾಲ್ಕು ಸಾಲು ಒತ್ತಾಗಿ ಬಿತ್ತಿರಿ. ಅಕ್ಕಪಕ್ಕದವರು ಸೇರಿ ಒಂದೇ ಸೌರಬೇಲಿ ಹಾಕಿದರೆ ಖರ್ಚು ಹಂಚಿಹೋಗುತ್ತದೆ. ಮಂಚಿಕೆಯ ಕಾವಲಿಗೆ ಸರದಿ ಗೊತ್ತುಮಾಡಿ. ಹಾನಿಯಾದ ಕೂಡಲೇ ಚಿತ್ರ ತೆಗೆದು, ಪಹಣಿಯೊಡನೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಿ.

ಬೆಳೆ ಕಾಯುವ ಹಕ್ಕು ರೈತನದು. ಆ ಹಕ್ಕನ್ನು ಗಟ್ಟಿಯಾಗಿ ಕೇಳಬೇಕಾದರೆ ಕೈಯಲ್ಲಿ ಅರ್ಜಿ ಇರಬೇಕು, ಹೆಗಲ ಮೇಲೆ ಬಾಡಿನ ಗೋಣಿ ಇರಬಾರದು.