ಬೆಲೆ ಹಾಕುವ ಅವಸರ

ದ್ವಿತೀಯ ಪಿಯುಸಿ ಗಣಿತದಲ್ಲಿ ಒಂದು ಹಳೆಯ ಲೆಕ್ಕವಿದೆ. 5 ಮೀಟರ್ ಉದ್ದದ ಏಣಿ ಗೋಡೆಗೆ ಒರಗಿದೆ. ಅದರ ಬುಡವನ್ನು ಸೆಕೆಂಡಿಗೆ 2 ಸೆಂಟಿಮೀಟರಿನಂತೆ ಗೋಡೆಯಿಂದ ಆಚೆಗೆ ಎಳೆಯಲಾಗುತ್ತಿದೆ. ಬುಡ 4 ಮೀಟರ್ ದೂರದಲ್ಲಿರುವಾಗ ತುದಿ ಯಾವ ವೇಗದಲ್ಲಿ ಕೆಳಗಿಳಿಯುತ್ತಿರುತ್ತದೆ? ತಾಲ್ಲೂಕು ಕೇಂದ್ರವೊಂದರ ಕಾಲೇಜಿನಲ್ಲಿ ಗಣಿತ ಕಲಿಸುವವಳು ನಾನು. ನಮ್ಮ ಮಕ್ಕಳು ಎಲ್ಲಿ ಎಡವುತ್ತಾರೆಂದು ಈ ಲೆಕ್ಕದಷ್ಟು ಸ್ಪಷ್ಟವಾಗಿ ಇನ್ನಾವುದೂ ನನಗೆ ತೋರಿಸಿಲ್ಲ.

ಬುಡದ ದೂರ ಎಕ್ಸ್, ತುದಿಯ ಎತ್ತರ ವೈ. ಪೈಥಾಗೊರಸ್ ಪ್ರಮೇಯದಂತೆ ಎಕ್ಸ್² + ವೈ² = 25. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಆಮೇಲೆ ಪ್ರತಿ ವರ್ಷವೂ ಯಾವುದಾದರೊಂದು ಬೆಂಚಿನಿಂದ ಅದೇ ಪ್ರಶ್ನೆ: “ಮೇಡಂ, ಈಗ್ಲೇ ಬೆಲೆ ಹಾಕ್ಬಿಡ್ಲಾ?” ಹಾಕಿದರೆ 16 + ವೈ² = 25, ವೈ ಅಂದರೆ 3. ಅಲ್ಲಿಗೆ ಚಲಿಸುವುದು ಏನೂ ಉಳಿಯಲಿಲ್ಲ. ಇನ್ನು ಡಿಫರೆನ್ಷಿಯೇಟ್ ಮಾಡಿದರೆ ಸೊನ್ನೆ. ಎಳೆಯುತ್ತಿರುವ ಏಣಿ ಕಾಗದದ ಮೇಲೆ ನಿಂತುಬಿಟ್ಟಿತು!

ಬೆಲೆ ಹಾಕದೆ ಮೊದಲು ಡಿಫರೆನ್ಷಿಯೇಟ್ ಮಾಡಿದರೆ ತುದಿ ಇಳಿಯುವ ವೇಗವೆಂದರೆ ಬುಡದ ವೇಗವನ್ನು ಎಕ್ಸ್‌ನಿಂದ ಗುಣಿಸಿ ವೈನಿಂದ ಭಾಗಿಸಿದ್ದು ಎಂದು ಸಿಗುತ್ತದೆ. ಎಕ್ಸ್ 4 ಆದಾಗ ವೈ ಎಷ್ಟೆಂದು ಸಮೀಕರಣವೇ ಹೇಳುತ್ತದೆ: 3. ಉತ್ತರ ಸೆಕೆಂಡಿಗೆ 8/3 ಸೆಂಟಿಮೀಟರ್.

ಬೆಲೆ ಹಾಕುವ ಈ ಅವಸರವನ್ನು ಮಕ್ಕಳ ಅಜಾಗರೂಕತೆ ಎನ್ನಲು ನಾನು ಒಪ್ಪುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಅವರಿಗೆ ಎಕ್ಸ್ + ವೈ = 14, ಎಕ್ಸ್ − ವೈ = 4 ಎಂದು ಕೊಟ್ಟು ಎಕ್ಸ್ 9, ವೈ 5 ಎಂದು ಹುಡುಕಿಸಿದ್ದೇವೆ. ಅಲ್ಲಿ ಅಕ್ಷರದ ಹಿಂದೆ ಇರುವುದು ಒಂದೇ ಸಂಖ್ಯೆ. ಅದನ್ನು ಕಂಡುಹಿಡಿದರೆ ಕೆಲಸ ಮುಗಿಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಅದೇ ಎಕ್ಸ್ ಓಡಾಡತೊಡಗುತ್ತದೆ, ಅದರ ಜೊತೆಗೆ ವೈ ಕೂಡ. ಈ ಬದಲಾವಣೆಯನ್ನು ಮಗುವಿಗೆ ಬಾಯಿಬಿಟ್ಟು ಹೇಳುವವರು ಯಾರು? ಹತ್ತನೇ ತರಗತಿಯವರು ಅದು ಪಿಯುಸಿಯ ಕೆಲಸ ಎನ್ನುತ್ತಾರೆ. ನಾವು ಸಿಲಬಸ್ ಮುಗಿಸುವ ಭರದಲ್ಲಿ ನೇರವಾಗಿ ಸೂತ್ರಕ್ಕೆ ಹೋಗುತ್ತೇವೆ. ಮುಂದೆ ಸಿಇಟಿ ಇದೆ, 60 ಪ್ರಶ್ನೆಗೆ 80 ನಿಮಿಷ. ಅಲ್ಲಿ ಕೈ ಓಡಬೇಕು ನಿಜ. ಆದರೆ ಆ ಓಟವನ್ನು ಮೊದಲ ದಿನದಿಂದಲೇ ಅಭ್ಯಾಸ ಮಾಡಿಸಿದರೆ ಅರ್ಥ ಮಾಡಿಕೊಳ್ಳುವುದು ಯಾವಾಗ?

ಒಂದು ಪೀರಿಯಡ್ ಕೊಡಿ ಸಾಕು. ಸೂತ್ರಕ್ಕೆ ಮೊದಲು ಬೋರ್ಡಿನ ಮೇಲೆ ಬರೀ ಒಂದು ಪಟ್ಟಿ ಹಾಕಿ. ಬುಡ 1.4 ಮೀಟರ್ ದೂರದಲ್ಲಿದ್ದಾಗ ತುದಿ 4.8 ಮೀಟರ್ ಎತ್ತರದಲ್ಲಿರುತ್ತದೆ, ಇಳಿಯುವ ವೇಗ ಸೆಕೆಂಡಿಗೆ ಸುಮಾರು 0.6 ಸೆಂಟಿಮೀಟರ್. ಬುಡ 3 ಮೀಟರಿಗೆ ಬಂದಾಗ ವೇಗ 1.5. ಬುಡ 4.8ಕ್ಕೆ ಹೋದಾಗ ತುದಿ 1.4ರಲ್ಲಿ, ವೇಗ ಸುಮಾರು 6.9. ಎಳೆಯುವವರ ವೇಗ ಒಂದಿಷ್ಟೂ ಬದಲಾಗಿಲ್ಲ, ಆದರೂ ತುದಿ ಕೊನೆಕೊನೆಗೆ ಧಾವಿಸುತ್ತದೆ. ಇದನ್ನು ಕಂಡ ಹುಡುಗಿಯೊಬ್ಬಳು “ಹಾಗಾದ್ರೆ ಏಣಿ ಜಾರಿದಾಗ ಕೊನೆಗೆ ದಡಕ್ಕನೆ ಬೀಳೋದು ಇದಕ್ಕೇನಾ?” ಎಂದಳು. ನಿಜವಾಗಿ ಜಾರುವ ಏಣಿಗೆ ಗುರುತ್ವವೂ ಸೇರುತ್ತದೆ, ಅಲ್ಲಿ ಬುಡದ ವೇಗವೂ ಒಂದೇ ಸಮನಾಗಿರುವುದಿಲ್ಲ. ಆದರೂ ಅವಳು ಆ ಕ್ಷಣದಲ್ಲಿ ಎಕ್ಸ್ ಮತ್ತು ವೈ ಒಟ್ಟಿಗೆ ಚಲಿಸುವುದನ್ನು ಕಂಡಿದ್ದಳು. ನನಗೆ ಬೇಕಾಗಿದ್ದೂ ಅದೇ.

ವೈಯನ್ನು ಬೇರ್ಪಡಿಸಿ ಬರೆಯುವ ಹಟವನ್ನೂ ಬಿಡಬೇಕು. 1638ರಲ್ಲಿ ಡೆಕಾರ್ಟ್ ಒಂದು ವಕ್ರರೇಖೆಯನ್ನು ಮುಂದಿಟ್ಟು, ಇದಕ್ಕೆ ಸ್ಪರ್ಶಕ ಎಳೆದು ತೋರಿಸು ಎಂದು ಫರ್ಮಾನಿಗೆ ಸವಾಲು ಹಾಕಿದ. ಫರ್ಮಾ ಎಳೆದು ತೋರಿಸಿದ. ಆ ವಕ್ರರೇಖೆಯ ಒಂದು ರೂಪ ಎಕ್ಸ್³ + ವೈ³ = 6 ಎಕ್ಸ್ ವೈ. ಇಲ್ಲಿ ವೈ ಅಷ್ಟು ಸುಲಭವಾಗಿ ಬೇರೆಯಾಗುವುದಿಲ್ಲ. ಇದ್ದಲ್ಲೇ ಇಟ್ಟು ಎರಡೂ ಬದಿಯನ್ನು ಡಿಫರೆನ್ಷಿಯೇಟ್ ಮಾಡಿದರೆ, (3, 3) ಬಿಂದುವಿನಲ್ಲಿ ಇಳಿಜಾರು −1 ಎಂದು ನಾಲ್ಕು ಸಾಲಿನಲ್ಲಿ ಬರುತ್ತದೆ.

ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಏಣಿಯ ಉದ್ದ ಬದಲಿಸಿ ಅದೇ ಲೆಕ್ಕವನ್ನು ಮತ್ತೆ ಕೇಳುವ ಬದಲು, ಬೆಲೆಯನ್ನು ಮೊದಲೇ ಹಾಕಿ ಸೊನ್ನೆ ಪಡೆದ ಒಂದು ಉತ್ತರವನ್ನು ಅಚ್ಚು ಹಾಕಿ, ತಪ್ಪು ಯಾವ ಸಾಲಿನಲ್ಲಿದೆ, ಯಾಕೆ ಎಂದು ಎರಡು ಅಂಕಕ್ಕೆ ಕೇಳಿ. ಆಗ ನಾವು ಅಧ್ಯಾಪಕರೂ ಅದನ್ನು ಕಲಿಸಲೇಬೇಕಾಗುತ್ತದೆ.