ಮನೆ ಊಟ ಅಂದರೆ ಯಾರ ಮನೆ ಊಟ?

"ಈಗೆಲ್ಲಿದೆ ರೀ ಹೋಟೆಲಿನಲ್ಲಿ ಅಸ್ಪೃಶ್ಯತೆ? ಕಾಸಿದ್ದವನು ಕೂತು ತಿಂತಾನೆ, ಇಲ್ಲದವನು ಹೊರಗೆ ನಿಂತು ನೋಡ್ತಾನೆ. ಇದು ಕಾಸಿನ ಪ್ರಶ್ನೆ, ಜಾತಿ ಪ್ರಶ್ನೆ ಅಲ್ಲ." ನಾನು ತರೀಕೆರೆಯಲ್ಲಿ ಬಿ.ಎ. ಓದುವಾಗ ಪ್ರಗತಿಪರರೆಂದು ಹೆಸರಾದ ಮೇಷ್ಟ್ರೊಬ್ಬರು ಟೀ ಕುಡಿಯುತ್ತ ಹೇಳಿದ ಮಾತಿದು. ಅವತ್ತು ನನ್ನಲ್ಲಿ ಉತ್ತರ ಇರಲಿಲ್ಲ. ನನ್ನ ಟೀ ಕಾಸನ್ನೂ ಅವರೇ ಕೊಟ್ಟಿದ್ದರು. ಈಗ ಉತ್ತರ ಇದೆ.

ನಮ್ಮದು ಅಜ್ಜಂಪುರದ ಕಡೆಯ ಒಂದು ಹಳ್ಳಿ. ಅಪ್ಪ ಈರುಳ್ಳಿ ಮೂಟೆ ಹೊತ್ತು, ಲಾರಿ ತುಂಬಿಸಿ, ಬೆನ್ನು ಬಗ್ಗಿಸಿಕೊಂಡವನು. ಅವ್ವ ಊರ ಶಾಲೆಯ ಬಿಸಿಯೂಟದಲ್ಲಿ ಸಹಾಯಕಿ. ತರಕಾರಿ ಹೆಚ್ಚುತ್ತಾಳೆ, ಪಾತ್ರೆ ತಿಕ್ಕುತ್ತಾಳೆ. ಸೌಟು ಹಿಡಿಯುವವರು ಬೇರೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಅತಿಥಿ ಶಿಕ್ಷಕನಾಗಿ ಮೊದಲ ಸಂಬಳ ಕೈಗೆ ಬಂದಾಗ ಅಪ್ಪನ ಕಣ್ಣು ತೋರಿಸಲೆಂದು ಇಬ್ಬರನ್ನೂ ಕಡೂರಿಗೆ ಕರೆದುಕೊಂಡು ಹೋದೆ. ಮಧ್ಯಾಹ್ನವಾಯಿತು. ಬುತ್ತಿ ತಂದಿದ್ದ ಅವ್ವನಿಗೆ "ಇವತ್ತು ಅದನ್ನ ಬಿಚ್ಚಬೇಡ" ಅಂದೆ.

ಒಂದು ಸಣ್ಣ ಹೋಟೆಲು. ಹೆಸರು ಬರೆಯುವುದಿಲ್ಲ, ಅದು ಒಬ್ಬರ ಕತೆಯಲ್ಲ. ಮನೆಮಂದಿಯೇ ನಡೆಸುವ ಇಂಥ ಹೋಟೆಲು ಕಡೂರಿನಲ್ಲೂ ಇದೆ, ತರೀಕೆರೆಯಲ್ಲೂ ಇದೆ, ಅಜ್ಜಂಪುರದಲ್ಲೂ ಇದೆ. ಗಂಡ ಗಲ್ಲದಲ್ಲಿ, ಹೆಂಡತಿ ಒಲೆ ಮುಂದೆ, ಮಗ ಬಡಿಸಲಿಕ್ಕೆ. "ಶುಚಿ, ರುಚಿ, ಮನೆ ಊಟ" ಎಂದು ಬೋರ್ಡು. ಗಲ್ಲದಲ್ಲಿದ್ದವರು ನಗುನಗುತ್ತಲೇ ಮಾತಾಡಿಸಿದರು.

"ಬರ್ರಿ ಯಜಮಾನ್ರೆ, ಕೂತ್ಕಳಿ. ಯಾವೂರಾತು ನಿಮ್ದು?"

ಅಪ್ಪ ಊರು ಹೇಳಿದ.

"ಓಹೋ, ಗೊತ್ತು ಬಿಡ್ರಿ. ಊರಾಗೆ ಯಾವ ಕಡೆ ಮನೆ?"

ಅಪ್ಪ ಕೇರಿಯ ಹೆಸರು ಹೇಳಿದ. ಸುಳ್ಳು ಹೇಳಲು ಅವನಿಗೆ ಬರುವುದಿಲ್ಲ.

ಊಟ ಬಂತು. ಎಲೆ ತುಂಬ ಬಡಿಸಿದರು, ಸಾರಿಗೆ ಕೊರತೆ ಮಾಡಲಿಲ್ಲ. ಆದರೆ ಆ "ಯಜಮಾನ್ರೆ" ಮತ್ತೆ ಬರಲಿಲ್ಲ. "ಏನಪಾ, ಅನ್ನ ಬೇಕೇನು ನಿಂಗೆ?" ಅಂದರು. ಮಗನ ವಯಸ್ಸಿನ ಗಂಡಸು, ನಮ್ಮಪ್ಪನಿಗೆ. ಪಕ್ಕದ ಸಾಲಿನವರು ಎದ್ದಾಗ ಹುಡುಗ ಬಂದು ಎಲೆ ಎತ್ತಿದ. ನಾವು ಉಂಡು ಮುಗಿಸಿದಾಗ ಅವನು ಗಲ್ಲದ ಕಡೆ ನೋಡಿದ. ಗಲ್ಲದವರು ಬೇರೆ ಕಡೆ ನೋಡಿದರು. ಅಷ್ಟರಲ್ಲಿ ಯಾರೂ ಹೇಳದೆಯೇ ನಮ್ಮಪ್ಪ ತನ್ನ ಎಲೆ ಮಡಚಿ, ಅವ್ವನದನ್ನೂ ಅದರ ಮೇಲಿಟ್ಟುಕೊಂಡು, ಹಿತ್ತಲ ತೊಟ್ಟಿಯ ಕಡೆ ನಡೆದುಬಿಟ್ಟಿದ್ದ.

ಮೇಷ್ಟ್ರೆ, ನಾನು ಮೂರು ಊಟದ ಕಾಸು ಕೊಟ್ಟಿದ್ದೆ. ಒಂದು ಪೈಸೆ ಕಮ್ಮಿ ಕೊಟ್ಟಿರಲಿಲ್ಲ. ಹಾಗಿದ್ದರೆ ಆ ಎಲೆ ಎತ್ತಿಸಿದ್ದು ಯಾವುದು? ಕಾಸೋ, ಜಾತಿಯೋ?

ಬಸ್ಸಿನಲ್ಲಿ ಅಪ್ಪನನ್ನು ಬೈದೆ. ಅವನು ಅಂದ: "ನಾನು ಹುಡುಗ ಇದ್ದಾಗ ಹೋಟ್ಲು ಹೊರಗೆ ಕುಕ್ಕರಗಾಲಲ್ಲಿ ಕೂತು ತೆಂಗಿನ ಚಿಪ್ಪಿನಾಗೆ ಟೀ ಕುಡ್ದೋನು ಕಣಪ್ಪ. ಇವತ್ತು ಒಳಗೆ ಕೂರಿಸಿದ್ರಲ್ಲ, ಸಾಕು ಬಿಡು." ಆ "ಸಾಕು ಬಿಡು" ಅನ್ನುವ ಮಾತಿನ ಮೇಲೆ ನನಗೆ ಸಿಟ್ಟು. ಅಪ್ಪನ ಮೇಲಲ್ಲ. ಅವನ ಬಾಯಿಗೆ ಆ ಮಾತು ತುರುಕಿದ ಊರಿನ ಮೇಲೆ.

ಸಾಕು ಅನ್ನಲು ಕಾನೂನೇನೂ ಹೇಳಿಲ್ಲ. ಕಡೂರು ಒಂದು ಜಿಲ್ಲೆಯ ಹೆಸರಾಗಿದ್ದ ಮೈಸೂರು ಸಂಸ್ಥಾನದ ಕಾಲದಲ್ಲೇ, 1943ರಲ್ಲಿ, ನಾಗರಿಕ ಅನರ್ಹತೆಗಳ ನಿವಾರಣೆಗೆಂದು ಕಾಯಿದೆ ಆಗಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಹೋಟೆಲು, ಅಂಗಡಿ, ಕೆರೆ, ಬಾವಿಗಳ ಹೆಸರು ಹಿಡಿದೇ ಹೇಳಿತು. 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯಾಯಿತು. ಅದರ 4ನೇ ಕಲಮು ಹೋಟೆಲಿನ ಬಾಗಿಲಷ್ಟೇ ಅಲ್ಲ, ಹೋಟೆಲಿನ ಪಾತ್ರೆ ಪಡಗವೂ ಎಲ್ಲರಿಗೂ ಒಂದೇ ಎನ್ನುತ್ತದೆ. ತಪ್ಪಿದವರಿಗೆ ಒಂದು ತಿಂಗಳಿಂದ ಆರು ತಿಂಗಳು ಸಜೆ, 100ರಿಂದ 500 ರೂಪಾಯಿ ದಂಡ. ಒಂದು ಸಂಸಾರ ಹೋಟೆಲಿಗೆ ಹೋಗಿ ಉಂಡರೆ ಇವತ್ತು ಅದಕ್ಕಿಂತ ಹೆಚ್ಚು ಬಿಲ್ಲಾಗುತ್ತದೆ! ನಮ್ಮ ಮಾನದ ಬೆಲೆ ಇಷ್ಟೇ ಏನು?

ಹೋಟೆಲಿನ ವಿಷಯ ಸಣ್ಣದು ಅನ್ನುವವರು ಮರಕುಂಬಿಯನ್ನು ನೆನೆಯಲಿ. ಗಂಗಾವತಿ ತಾಲ್ಲೂಕಿನ ಆ ಹಳ್ಳಿಯಲ್ಲಿ ಕ್ಷೌರದಂಗಡಿಗೂ ಹೋಟೆಲಿಗೂ ದಲಿತರಿಗೆ ಪ್ರವೇಶವಿಲ್ಲವೆಂಬ ಜಗಳ ಹೊಗೆಯಾಡುತ್ತಿತ್ತು. 2014ರ ಆಗಸ್ಟಿನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರಿನಲ್ಲಿ, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಹೈಕೋರ್ಟು ಅವರಲ್ಲಿ ಬಹುತೇಕರಿಗೆ ಜಾಮೀನು ಕೊಟ್ಟಿತು. ಅದು ದೂರದ ಊರು ಅನ್ನುತ್ತೀರಾ? 2024ರ ಜನವರಿಯಲ್ಲಿ ನಮ್ಮ ತರೀಕೆರೆ ತಾಲ್ಲೂಕಿನ ಗೇರುಮರಡಿಯಲ್ಲಿ, ಕೆಲಸಕ್ಕೆ ಬಂದ ದಲಿತ ಯುವಕ ಗೊಲ್ಲರಹಟ್ಟಿಯೊಳಗೆ ಕಾಲಿಟ್ಟನೆಂದು ಹಲ್ಲೆಯಾಯಿತು. ತರೀಕೆರೆಯಿಂದ ಒಂದು ಗಂಟೆ ದಾರಿಯೂ ಇಲ್ಲದ ಭದ್ರಾವತಿಯಲ್ಲಿ ಪಾಠ ಹೇಳುತ್ತಲೇ ಪ್ರೊ. ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ನೆಲ ಇದು. ಇಲ್ಲೇ ಹೀಗೆ!

ಈಗ ನನ್ನ ನಿಜವಾದ ಪ್ರಶ್ನೆಗೆ ಬರುತ್ತೇನೆ. ನಾವು ಇಷ್ಟು ದಿನ ಕೇಳಿದ್ದು ಹೋಟೆಲಿನ ಮುಂಬಾಗಿಲನ್ನು. ಅದು ಅರ್ಧ ತೆರೆಯಿತು, ಏಕೆಂದರೆ ನಮ್ಮ ಕಾಸಿಗೆ ಮೈಲಿಗೆ ಇಲ್ಲ. ಆದರೆ ಅಡುಗೆಮನೆಯ ಬಾಗಿಲು? ನಮ್ಮವರು ಅಲ್ಲಿ ಹಿತ್ತಲಿಂದ ಬರುತ್ತಾರೆ, ಪಾತ್ರೆ ತೊಳೆಯಲಿಕ್ಕೆ. ಕಟ್ಟಿಗೆ ಒಡೆಯಲಿಕ್ಕೆ. ಕೊಳಚೆ ಬಳಿಯಲಿಕ್ಕೆ. ಸೌಟು ಹಿಡಿಯಲಿಕ್ಕಲ್ಲ. ಸಹಪಂಕ್ತಿ ಭೋಜನ ಒಂದರಿಂದಲೇ ಜಾತಿ ಸಾಯುವುದಿಲ್ಲವೆಂದು ಬಾಬಾಸಾಹೇಬರು 1936ರಲ್ಲೇ ಎಚ್ಚರಿಸಿದ್ದರು. ನಮ್ಮ ಪಕ್ಕ ಕೂತು ಉಣ್ಣುವವನು ನಮ್ಮ ಕೈಯಿಂದ ಉಣ್ಣುತ್ತಾನೆಯೇ? ಇದೇ ಪರೀಕ್ಷೆ.

"ಮನೆ ಊಟ" ಅನ್ನುವ ಬೋರ್ಡು ನೋಡಿದಾಗ ಬಾಯಲ್ಲಿ ನೀರೂರುತ್ತದಲ್ಲ, ಆಗ ನಿಮ್ಮ ಕಣ್ಣ ಮುಂದೆ ಬರುವುದು ಯಾರ ಮನೆ? ನಮ್ಮವ್ವನ ರಾಗಿ ಮುದ್ದೆ, ಹುರುಳಿಕಾಳು ಸಾರು ಮನೆ ಊಟ ಅಲ್ಲವೇ? ನಮ್ಮದು ಮನೆಯೇ ಅಲ್ಲವೇ? ಅವ್ವ ಕಡೂರಿನ ಸಂತೆಯಲ್ಲಿ ಒಂದು ಒಲೆ ಹೂಡಿ, ತನ್ನ ಕೇರಿಯ ಹೆಸರನ್ನೇ ಬೋರ್ಡಿನ ಮೇಲೆ ಬರೆಸಿದರೆ, ಎಷ್ಟು ಜನ ಎಲೆ ಮುಂದೆ ಕೂರುತ್ತಾರೆ? ಉಳಿದ ಜಾತಿಗಳು ತಮ್ಮ ಹೆಸರನ್ನೇ ಬೋರ್ಡಿಗೆ ಹಾಕಿ ವ್ಯಾಪಾರ ಮಾಡಿವೆ. ಬೆಂಗಳೂರಿನ ಶಂಕರಪುರದಲ್ಲಿ ಬ್ರಾಹ್ಮಣರ ಹೆಸರಿನ ಕಾಫಿ ಬಾರ್ 1965ರಿಂದ ನಡೆದಿದೆ. ಲಿಂಗಾಯತ ಖಾನಾವಳಿ ಎಂಬ ಬೋರ್ಡನ್ನು ನೀವೇ ನೋಡಿದ್ದೀರಿ. ಜಾತಿಯ ಹೆಸರು ಕೆಲವರಿಗೆ ಬಂಡವಾಳ, ನಮಗೆ ಮಾತ್ರ ನಷ್ಟ. ಇದೂ ಕಾಸಿನ ಪ್ರಶ್ನೆಯೇ, ಮೇಷ್ಟ್ರೆ!

ಹೋಟೆಲು ನಡೆಸುವ ಸಂಸಾರದ ಬೆವರಿನ ಮೇಲೆ ನನಗೆ ದ್ವೇಷವಿಲ್ಲ. ಕೋಳಿ ಕೂಗುವ ಮುಂಚೆ ಎದ್ದು ಹೊಗೆಯಲ್ಲಿ ಬೇಯುವ ಆ ತಾಯಿ ನಮ್ಮವ್ವನಷ್ಟೇ ದಣಿದಿದ್ದಾಳೆ. ಗಲ್ಲದ ಕಾಸು ಅವಳ ಕೈಗೂ ಬರುವುದಿಲ್ಲ. ಆದರೆ ದಣಿದ ಅವಳೂ ನಮ್ಮವ್ವ ಮುಟ್ಟಿದ ಅನ್ನ ಉಣ್ಣಲಾರಳು. ಅವಳ ಕೈ ಕಟ್ಟಿರುವುದು ಅದೇ ಹಗ್ಗ.

ನಮ್ಮವರನ್ನೂ ಬಿಡುವುದಿಲ್ಲ ನಾನು. ಹೊಲೇರ ಮನೆಯಲ್ಲಿ ಮಾದಿಗರಿಗೆ ಬೇರೆ ಲೋಟ ಇಲ್ಲವೇ? ಆ ಲೋಟ ಎತ್ತಿ ಎಸೆಯದೆ ಕಡೂರಿನ ಹೋಟೆಲಿನ ಮುಂದೆ ಘೋಷಣೆ ಕೂಗುವ ಹಕ್ಕು ನಮಗೆ ಎಲ್ಲಿಂದ ಬಂತು?

ಕೊನೆಗೆ ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು. 2004ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು, ಬಿಸಿಯೂಟದ ಅಡುಗೆಯವರ ನೇಮಕದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಆದ್ಯತೆ ಕೊಡಿ ಎಂದು ಆದೇಶಿಸಿತು. 2025ರ ಜೂನಿನಲ್ಲಿ ಚಾಮರಾಜನಗರ ತಾಲ್ಲೂಕಿನ ಹೊಮ್ಮ ಗ್ರಾಮದಿಂದ ಸುದ್ದಿ ಬಂತು: ದಲಿತ ಹೆಣ್ಣುಮಗಳು ಮುಖ್ಯ ಅಡುಗೆಯವರಾದರು, ಸರ್ಕಾರಿ ಶಾಲೆ ಹೆಚ್ಚುಕಡಿಮೆ ಖಾಲಿಯಾಯಿತು. ಪಾಠ ಸರಿಯಿಲ್ಲ, ಅದಕ್ಕೇ ಬಿಡಿಸಿದೆವು ಎಂಬ ಸಮಜಾಯಿಷಿಯೂ ಬಂತು. ಪಾಠ ಸರಿಯಿಲ್ಲವೆಂಬುದು ಸೌಟು ಕೈ ಬದಲಾದಾಗಲೇ ಯಾಕೆ ಕಂಡಿತು?

ನಮ್ಮೂರ ಶಾಲೆಯ ಮುಖ್ಯ ಅಡುಗೆಯವರಿಗೆ ಈ ವರ್ಷ ಅರವತ್ತು ತುಂಬುತ್ತದೆ. ಆ ಜಾಗಕ್ಕೆ ಬರಬೇಕಾದವಳು ನಮ್ಮವ್ವ. ಊರ ಕಟ್ಟೆಯ ಮೇಲೆ ಆಗಲೇ ಪಿಸಪಿಸ ಶುರುವಾಗಿದೆ. ಅವ್ವನೂ "ನಂಗ್ಯಾಕಪ್ಪ ಊರ ಉಸಾಬರಿ, ಪಾತ್ರೆ ತೊಳ್ಕಂಡು ಇರ್ತೀನಿ" ಅನ್ನುತ್ತಿದ್ದಾಳೆ. ಅಪ್ಪ ಎಲೆ ಎತ್ತಿದ ಹಾಗೆಯೇ ಇದು. ಯಾರೂ ಹೇಳುವ ಮೊದಲೇ ಎತ್ತಿಡುವುದು. ಈ ಸಲ ನಾನು ಎತ್ತಲು ಬಿಡುವುದಿಲ್ಲ.

ಅಜ್ಜಂಪುರ, ತರೀಕೆರೆ, ಕಡೂರಿನ ಗೆಳೆಯರೆ, ವಿದ್ಯಾರ್ಥಿಗಳೆ, ನಮ್ಮವ್ವ ಸೌಟು ಹಿಡಿಯುವ ಮೊದಲ ದಿನ ನಮ್ಮ ಶಾಲೆಗೆ ಬನ್ನಿ. ಭಾಷಣ ಬೇಡ, ಹಾರ ಬೇಡ. ಮಕ್ಕಳ ಸಾಲಿನಲ್ಲಿ ತಟ್ಟೆ ಹಿಡಿದು ಕೂತು ಉಣ್ಣಿ. ಊರು ನೋಡಲಿ. ಆ ಟೀ ಕೊಡಿಸಿದ ಮೇಷ್ಟ್ರೆ, ನೀವೂ ಬನ್ನಿ. ಕಾಸು ಕೊಡಬೇಕಾಗಿಲ್ಲ.